ಮೌಲಾ ಸಾಬರ ಅಡಿಗಲ್ಲು

ಹಿರಿಯೂರಿನಾಚೆಯ ಆ ಪ್ರಯೋಗಾಲಯದ ನಿಶ್ಶಬ್ದ ಎಂಥದ್ದೆಂದರೆ, ಅಲ್ಲಿ ಸೂಜಿ ಬಿದ್ದರೆ ಧರ್ಮಪುರದಲ್ಲಿ ಶೇಂಗಾ ಬಿಡಿಸುವವರು ತಲೆಯೆತ್ತಿ ನೋಡುತ್ತಿದ್ದರು. ಅಂಥ ಜಾಗದಲ್ಲಿ, ಹಾಡಹಗಲು ಹನ್ನೊಂದಕ್ಕೆ, ಮದೀಹಾಳ ಕಂಪ್ಯೂಟರ್ ಪರದೆಯ ಗೆರೆಯನ್ನು ಯಾರೋ ಬಡಿಯತೊಡಗಿದರು.

ಟಕ್, ಟಕ್. ಬಿಡುವು. ಟಕ್, ಟಕ್.

ಮದೀಹಾ ಆರು ವರ್ಷ ಜೀವ ತೇಯ್ದದ್ದು ಗಾರ್ನೆಟ್ ಹರಳಿನ ಒಂದು ಪದರಕ್ಕೆ. ಸೊಳ್ಳೆಯ ರೆಕ್ಕೆ ಅದರ ಮುಂದೆ ಕಂಬಳಿ! ಅದರೊಳಗೆ ಕರೆಂಟು ಹರಿಯುವುದಿಲ್ಲ. ಕೋಟಿಗಟ್ಟಲೆ ಪುಟಾಣಿ ಅಯಸ್ಕಾಂತಗಳು ನಿಂತಲ್ಲೇ ಓಲಾಡಿ, ಆ ಓಲಾಟವನ್ನು ಪಕ್ಕದವಕ್ಕೆ ದಾಟಿಸುತ್ತವೆ. ಅದೇ ಸ್ಪಿನ್ ಅಲೆ. ಅವಳ ಜೊತೆಗಾರ, ಕುರುಬರ ಮನೆಯ ಪ್ರಭುಲಿಂಗ ಬಂದವರಿಗೆಲ್ಲ ಹೇಳುತ್ತಿದ್ದ: "ಕುರಿ ಜಾಗ ಬಿಡಲ್ಲ ಕಣ್ರಿ. ಈ ಕಡೇದು ಬೆದರಿದ್ರೆ ಬೆದರಿಕೆ ಮಾತ್ರ ಆ ಕಡೇಗೆ ಹೋಗ್ತೈತೆ. ಓಡದ ಕುರಿಗೆ ದಣಿವೆಲ್ಲಿ? ಅದಕ್ಕೇ ನಮ್ ಚಿಪ್ ಬಿಸಿಯಾಗಲ್ಲ."

ನಾಲ್ಕಕ್ಕೆ ಪರೀಕ್ಷಕರು ಬರುವವರಿದ್ದರು. ಮದೀಹಾ ಕಳಿಸಿದ ಅಲೆಯೊಂದೇ ಆಚೆ ತುದಿಯಲ್ಲಿ ಕಾಣಬೇಕು. ಇಲ್ಲದಿದ್ದರೆ ಆರು ವರ್ಷಕ್ಕೂ ಬೀಗ.

"ಕಳಿಸೋ ತುದಿ ಆಫ್ ಐತಾ?" ಎಂದ ಪ್ರಭುಲಿಂಗ.

"ವೈರೇ ಕಿತ್ತಿದೀನಿ."

ಟಕ್, ಟಕ್.

"ಮತ್ತೆ ಚಿಪ್ ಅಡಿಗಿರೋದೇನದು?"

"ಅಯಸ್ಕಾಂತ ಕೂರಿಸೋ ಕಬ್ಬಿಣ ಬರ್ಲಿಲ್ಲ. ದಾದಾನ ಅಡಿಗಲ್ಲಿನ ತುಂಡು ತಂದಿಟ್ಟೆ."

"ಸತ್ತೋರ ಸಾಮಾನು ಕೇಳಿ ತರ್ಬೇಕವ್ವ!"

"ಯಾರನ್ನ ಕೇಳ್ಲಿ? ದಾದಾನ್ನಾ?"

"ತೆಗ್ದಾಕು ಹಂಗಾರೆ."

"ತೆಗೆದ್ರೆ ಅಲೇನೇ ಹುಟ್ಟಲ್ಲ ಪ್ರಭು."

ದಾದಾ ಎಂದರೆ ಮದೀಹಾಳ ಅಜ್ಜ, ಭರಮಸಾಗರದ ಕಮ್ಮಾರ ಮೌಲಾ ಸಾಬ್. ಅವರು ಮಾಡಿದ ಉಣ್ಣೆ ಕತ್ತರಿ ಕಂಡರೆ ಕುರಿಗಳೇ ಸಾಲು ನಿಲ್ಲುತ್ತಿದ್ದವು. ಅವರು ಬಡಿದರೆ ಕೆರೆಯ ನೀರು ಏರಿ ಹತ್ತುತ್ತಿತ್ತು. ಕುಲುಮೆಯಲ್ಲಿ ಒಂದು ರೂಢಿಯಿತ್ತು. ಅವರು ಕಾದ ಕಬ್ಬಿಣವನ್ನು ಅಡಿಗಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಎರಡು ಸಲ ತಟ್ಟಿ ಜಾಗ ತೋರಿಸಬೇಕು, ಎದುರಿನವರು ದೊಡ್ಡ ಚಮ್ಮಟಿಗೆ ಎತ್ತಿ ಅಲ್ಲೇ ಒಂದು ಹೊಡೆಯಬೇಕು. ಹೊಡೆಯುತ್ತಿದ್ದವಳು ಮದೀಹಾ. ಕೊನೆಯ ದಿನ ಕತ್ತರಿ ಅರ್ಧಕ್ಕಿತ್ತು. "ಬಂದೆ ದಾದಾ" ಎಂದು ಚಮ್ಮಟಿಗೆ ಕೆಳಗಿಟ್ಟವಳು ಕಾಲೇಜಿನ ಬಸ್ಸು ಹತ್ತಿದ್ದಳು; ಮರಳುವಷ್ಟರಲ್ಲಿ ದಾದಾ ಇರಲಿಲ್ಲ.

ಟಕ್, ಟಕ್. ಬಿಡುವು.

ಮದೀಹಾ ಕಿತ್ತ ವೈರನ್ನು ಮತ್ತೆ ಸಿಕ್ಕಿಸಿದಳು. ಮುಂದಿನ ಬಿಡುವಿಗೆ ಸರಿಯಾಗಿ ಒಂದು ಅಲೆ ಬಿಟ್ಟಳು.

ಬಡಿತ ಚುರುಕಾಯಿತು. ಟಕ್, ಟಕ್; ಇವಳದೊಂದು. ಟಕ್, ಟಕ್; ಇವಳದೊಂದು. ಒತ್ತುತ್ತಿದ್ದುದು ಗುಂಡಿ, ನೋಯುತ್ತಿದ್ದುದು ಭುಜ. ಮಧ್ಯಾಹ್ನ ಮೂರರ ಹೊತ್ತಿಗೆ ಪರದೆಯ ಮೇಲೆ ಸಣ್ಣದೊಂದು ಗಲಗಲ ಎದ್ದು ಅಡಗಿತು. ಕೆಲಸ ಮುಗಿದಾಗ ದಾದಾ ಸುತ್ತಿಗೆಯನ್ನು ಅಡಿಗಲ್ಲಿನ ಮೇಲೆ ಹೀಗೇ ಗಲಗಲಿಸಿ ಮಲಗಿಸುತ್ತಿದ್ದರು. ಗೆರೆ ಸಪಾಟಾಯಿತು.

ಪರೀಕ್ಷಕರು ಬಂದರು, ಅವಳ ಅಲೆಯೊಂದನ್ನೇ ಕಂಡರು. ಚಿಪ್ ಮೇಲೆ ತಾಪಮಾಪಕವಿಟ್ಟು, "ಕರೆಂಟಿಲ್ಲ, ಶಾಖವಿಲ್ಲ, ಭೇಷ್!" ಎಂದು ಸಹಿ ಹಾಕಿ ಹೋದರು.

ಪ್ರಭುಲಿಂಗ ಎಲ್ಲ ಬಿಚ್ಚಿಡಲು ಅಡಿಯ ಕಬ್ಬಿಣಕ್ಕೆ ಕೈ ಹಾಕಿದವನು ಕಿರುಚಿ ಹಿಂದೆಗೆದ. ಬೆರಳಲ್ಲಿ ಆಗಲೇ ಬೊಬ್ಬೆ.

ಮದೀಹಾ ಕಾದ ಕಬ್ಬಿಣ ಅದ್ದಲು ಕುಲುಮೆಯಲ್ಲಿ ಇಡುತ್ತಿದ್ದಂತೆ ಒಂದು ಬಕೆಟ್ ನೀರು ತಂದಿಟ್ಟು, ಇಕ್ಕಳ ಹುಡುಕತೊಡಗಿದಳು.