ಯಜಮಾನರು ತುಂಬ ಒಳ್ಳೆಯವರು

ದೊಡ್ಡ ಹೋಟೆಲುಗಳ ಬೆಡ್‌ಶೀಟ್ ಒಗೆಯುವ ಲಾಂಡ್ರಿ ಅದು. ಇಸ್ತ್ರಿ ಮಾಡುವ ಎರಡು ರೋಲರುಗಳು ದಿನವಿಡೀ ಕಾದು ತಿರುಗುತ್ತಿರುತ್ತವೆ. ಒದ್ದೆ ಬಟ್ಟೆಯ ಅಂಚನ್ನು ಅವುಗಳ ಬಾಯಿಗೆ ಕೊಡುವುದು ಅವಳ ಕೆಲಸ. ಕೈ ಒಳಗೆ ಹೋಗದಿರಲೆಂದು ಮುಂದೆ ಕಬ್ಬಿಣದ ತಡೆಯೊಂದಿತ್ತು. ಕೆಲಸ ನಿಧಾನವಾಗುತ್ತದೆಂದು ಯಜಮಾನರೇ ಅದನ್ನು ಬಿಚ್ಚಿಸಿದ್ದರು. ಆ ಮಧ್ಯಾಹ್ನ ಬಟ್ಟೆಯ ಜೊತೆ ಅವಳ ಬಲಗೈ ಬೆರಳುಗಳೂ ಒಳಗೆ ಹೋದವು.

ಯಜಮಾನರು ಎಂಥವರು ಅಂತೀರಿ! ಒಂದು ದಿನವೂ ಯಾರನ್ನೂ ಗದರಿದವರಲ್ಲ. ಕೆಲಸದವರನ್ನೆಲ್ಲ ಅಕ್ಕ, ತಂಗಿ ಎಂದೇ ಕರೆಯುತ್ತಿದ್ದರು. ಸೀಟಿಗೆ ರಕ್ತವಾದೀತೆಂದೂ ನೋಡದೆ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದೊಯ್ದರು. ದಾರಿಯಲ್ಲಿ ಮೆಲ್ಲಗೆ ಹೇಳಿದರು.

“ಅಕ್ಕಾ, ಮನೇಲಿ ಇಸ್ತ್ರಿ ಮಾಡ್ತಾ ಸುಟ್ಕೊಂಡೆ ಅಂದ್ಬಿಡಿ. ಲಾಂಡ್ರೀಲಿ ಅಂದ್ರೆ ತನಿಖೆಯೋರು ಬೀಗ ಜಡೀತಾರೆ. ಎಲ್ಲರ ಹೊಟ್ಟೆ ಮೇಲೂ ಹೊಡೆದ ಹಾಗಾಗುತ್ತೆ. ನಾನಿದ್ದೀನಲ್ಲ, ನೋಡ್ಕೋತೀನಿ.”

ಆಸ್ಪತ್ರೆಯಲ್ಲಿ ಯಜಮಾನರೇ ಮೊದಲು ಹಾಗೆಂದು ಹೇಳಿದರು. ಡಾಕ್ಟರು ಕೈಗೆ ಸುತ್ತಿದ್ದ ಬಟ್ಟೆ ಬಿಡಿಸಿ ನೋಡಿ ಅವಳನ್ನು ಕೇಳಿದರು. “ಇಸ್ತ್ರಿಪೆಟ್ಟಿಗೆ ಬೆರಳನ್ನ ಹೀಗೆ ಜಜ್ಜುತ್ತೇನಮ್ಮಾ?”

ಯಜಮಾನರು ಅವಳ ತಲೆ ಸವರುತ್ತ ನಿಂತಿದ್ದರು. ಅವರ ಕಣ್ಣಲ್ಲಿ ನೀರೂ ಇತ್ತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅಕ್ಕಾ ಎಂದವರಿಗೆ ಏನನ್ನುವುದು?

“ಮನೇಲೇ ಆಗಿದ್ದು” ಎಂದಳು.

ಎರಡು ಬೆರಳು ತೆಗೆದರು. ವಾರ ಕಳೆದು ಯಜಮಾನರು ಹಣ್ಣು ಹಿಡಿದು ಮನೆಗೇ ಬಂದರು. ನೆಲದ ಮೇಲೆ ಕೂತು, ಅವಳ ಅತ್ತೆ ಕೊಟ್ಟ ಚಹಾ ಕುಡಿದರು.

“ಆರಾಮಾಗಿರಿ ಅಕ್ಕಾ. ನಿಮ್ಮ ಜಾಗಕ್ಕೆ ಬೇರೆ ಹುಡುಗೀನ ಹಾಕ್ಕೊಂಡಿದ್ದೀನಿ.”

“ಆ ತಡೆ ಹಾಕಿಸಿದ್ರಾ, ಸಾರ್?”

“ಅಯ್ಯೋ, ಅದನ್ನೆಲ್ಲ ನೀವ್ಯಾಕೆ ತಲೆಗೆ ಹಚ್ಕೋತೀರಿ!” ನಕ್ಕು ಎದ್ದು ಹೊರಟರು.

ಅತ್ತೆ ಬಾಗಿಲವರೆಗೂ ಹೋಗಿ ಕೈ ಮುಗಿದು ಬಂದಳು. “ಇಂಥ ಯಜಮಾನರು ಸಿಗೋಕೆ ಪುಣ್ಯ ಮಾಡಿರಬೇಕು ಕಣೇ.”

ಅವಳಿಗೆ ಮೈಯೆಲ್ಲ ಉರಿಯಿತು. “ಆ ತಡೆ ಬಿಚ್ಚಿಸಿದ್ದೇ ಅವರು ಅತ್ತೆ! ನನ್ನ ಕೈಲಿ ಸುಳ್ಳು ಹೇಳಿಸಿದ್ದೂ ಅವರೇ. ಈಗ ಆ ಹುಡುಗಿ ಕೈ ಕೂಡ ಹೋಗುತ್ತೆ.”

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು.

“ಇರಬಹುದು ಕಣಮ್ಮಾ. ಆದ್ರೂ ಬಂದು ಕೂತು ಮಾತಾಡಿಸಿದ್ರಲ್ಲ. ನನ್ನ ಮಗ ಕಟ್ಟಡದಿಂದ ಬಿದ್ದು ಸತ್ತಾಗ ಅವನ ಧಣಿ ಈ ಬೀದಿಗೂ ಕಾಲಿಡಲಿಲ್ಲ.”