ಇನ್ನೊಂದು ತೋಳು

"ಯಾರ ಹೊಲಿಗೆ ಇದು?"

ಟೀ ಲೋಟ ಕೊಡಲು ಬಗ್ಗಿದ ಹೆಂಡತಿಯ ತೋಳನ್ನು ದರ್ಜಿ ಹಿಡಿದುಕೊಂಡೇ ಕೇಳಿದ. ನಾಲ್ಕು ತಿಂಗಳಲ್ಲಿ ಅವನು ತಾನಾಗಿ ಆಡಿದ ಮೊದಲ ಮಾತು ಅದು.

"ಎದುರಂಗಡಿಯವನದು. ಹಳೇ ಕೋಟಿನ ಮೊಣಕೈ ಹರಿದುಹೋಗಿತ್ತು, ಹೊಸದು ಹೊಲಿಸ್ದೆ. ಚಳೀಲಿ ನಡುಗ್ತಾ ಓಡಾಡ್ಲಾ?"

ನಲವತ್ತೆರಡು ವರ್ಷ ಅವಳ ಬಟ್ಟೆಗೆ ಬೇರೆಯವರ ಸೂಜಿ ತಾಗಿರಲಿಲ್ಲ.

ಅವನ ನೋಟದ ನಡುವೆ ಮಸಿ ಬಳಿದಂತಾಗಿತ್ತು. ಎದುರು ನಿಂತವರ ಕಿವಿ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಇದಕ್ಕೆ ಆಪರೇಷನ್ ಇಲ್ಲ ಎಂದಿದ್ದರು ಕಣ್ಣಿನ ಡಾಕ್ಟರು. ಆದರೂ ಯಾರಿಗೂ ಹೇಳದೆ ಹೊಲಿಯುತ್ತಲೇ ಇದ್ದ, ವಕೀಲರೊಬ್ಬರ ಕರಿ ಕೋಟಿಗೆ ಒಂದು ಕಡುನೀಲಿ ತೋಳು ಕೂರಿಸುವವರೆಗೆ. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದ. "ಪರವಾಗಿಲ್ಲ ಬಿಡಿ, ವಯಸ್ಸಾಯ್ತಲ್ಲ," ಎಂದು ಬೆನ್ನು ತಟ್ಟಿ ಹೋದರು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಅಂದೇ ಅಂಗಡಿ ಮುಚ್ಚಿ ಬಂದು ಗೋಡೆಗೆ ಮುಖ ಮಾಡಿ ಮಲಗಿದ.

"ಅಪ್ಪಾ, ಇದು ಬರೀ ಕಣ್ಣಿನ ಕಾಯಿಲೆ ಅಲ್ಲ, ಮನಸ್ಸಿಗೂ ಡಾಕ್ಟರಿದ್ದಾರೆ," ಎಂದು ಮಗಳು ಅತ್ತು ಹೋದಳು. "ಎಲ್ಲಾ ಮುಗೀತು. ಇನ್ನು ಯಾಕಿರಬೇಕು?" ಎಂದಿದ್ದ ಅವನು. ಆ ಮಾತು ಕೇಳಿದ ಹೆಂಡತಿ ಅವನ ಕತ್ತರಿಯನ್ನು ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಳು.

ಈಗ ಅವನ ಹೆಬ್ಬೆರಳು ಕಂಕುಳಿನಿಂದ ಮಣಿಕಟ್ಟಿನವರೆಗೆ ಹರಿದಾಡಿತು.

"ತೋಳು ಹಿಂದಕ್ಕೆ ತಿರುಗಿದೆ. ಕೈ ಎತ್ತಿದ್ರೆ ಕೋಟೇ ಮೇಲೆ ಬರತ್ತೆ. ಇದನ್ನ ಹಾಕ್ಕೊಂಡು ಬೀದಿ ಸುತ್ತಿದ್ಯಾ? ಬಿಚ್ಚು. ಕತ್ತರಿ ತಾ."

ಅವಳು ನಿಂತಲ್ಲೇ ನಿಂತಳು. "ಕತ್ತರಿ ಯಾಕೆ?"

"ತೋಳು ಬಿಚ್ಚೋಕೆ." ಅವಳ ತೋಳು ಬಿಡದೆ ಹೇಳಿದ, "ಪೆಟ್ಟಿಗೆ ಬೀಗ ಬಿದ್ದ ಸದ್ದು ನಂಗೆ ಕೇಳಿಸಿತ್ತು ಕಣೇ. ಕಿವಿ ಚೆನ್ನಾಗೇ ಇದೆ."

ಅವಳು ಕೋಟು ಬಿಚ್ಚಿ ಅವನ ಮಡಿಲಿಗಿಟ್ಟಳು. ಪೆಟ್ಟಿಗೆ ತೆರೆದು ಕತ್ತರಿ ತಂದುಕೊಟ್ಟಳು. ಕೊಟ್ಟ ಮೇಲೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು ಅವನ ಕೈಯನ್ನೇ ನೋಡುತ್ತಿದ್ದಳು. ಅವನು ಉಗುರಿನಿಂದ ಒಂದೊಂದೇ ಹೊಲಿಗೆ ಹುಡುಕಿ, ಕತ್ತರಿಯ ತುದಿಯಿಂದ ಮೀಟಿ ಕತ್ತರಿಸಿದ. ಬಾಯಿ ಎದುರಂಗಡಿಯವನ ಮೂರು ತಲೆಮಾರನ್ನು ಜಾಲಾಡುತ್ತಿತ್ತು.

ಸೂಜಿಗೆ ದಾರ ಪೋಣಿಸುವಾಗ ಬಾಯಿ ಕಟ್ಟಿತು. ಒಂದು ಸಲ, ಎರಡು ಸಲ, ಐದು ಸಲ. ಕೊನೆಗೆ ಎರಡನ್ನೂ ಅವಳ ಕಡೆ ಚಾಚಿದ.

"ಪೋಣಿಸಿ ಕೊಡು."

ಈ ಮಾತನ್ನು ಅವನು ಜೀವಮಾನದಲ್ಲಿ ಯಾರಿಗೂ ಹೇಳಿದವನಲ್ಲ. ಅವಳು ಸೂಜಿಯನ್ನು ಕಿಟಕಿಯ ಬಿಸಿಲಿಗೆ ಹಿಡಿದಳು. ದಾರ ಆ ಕಡೆ ಜಾರಿತು, ಈ ಕಡೆ ಜಾರಿತು.

"ಏನು, ನಿಂಗೂ ಕಾಣಲ್ವಾ?"

"ನಂಗೂ ಅರವತ್ತೆಂಟು ಕಣ್ರೀ. ಯಾವತ್ತಾದ್ರೂ ಕೇಳಿದ್ದೀರಾ?"

ಅವನು ಕೈ ಚಾಚಿ, ತಡಕಾಡಿ, ನಡುಗುತ್ತಿದ್ದ ಅವಳ ಮಣಿಕಟ್ಟನ್ನು ಅಲುಗದಂತೆ ಹಿಡಿದುಕೊಂಡ. ದಾರ ಒಳಹೋಯಿತು.

ಬೆಳಕು ಇಳಿಯುವ ಹೊತ್ತಿಗೆ ಒಂದು ತೋಳು ಸರಿಯಾಗಿ ಕೂತಿತ್ತು. ಅವಳು ಸದ್ದಾಗದಂತೆ ಕತ್ತರಿ ಎತ್ತಿಕೊಂಡು ಪೆಟ್ಟಿಗೆಯ ಕಡೆ ಹೆಜ್ಜೆ ಹಾಕಿದಳು.

"ಅದು ಇಲ್ಲೇ ಇರಲಿ," ಎಂದ ಅವನು. "ನಾಳೆ ಇನ್ನೊಂದು ತೋಳಿದೆ."

ಅವಳು ತಿರುಗಿ ಬಂದಳು. ಕತ್ತರಿಯನ್ನು ಅವನ ಕೈಗೆಟುಕುವಲ್ಲಿ, ಟೀ ಲೋಟದ ಪಕ್ಕ ಇಟ್ಟಳು.