ಹೊಸಿಲಿನ ಹಳದಿ

ಕತ್ತಿಗೆ ಬಿಸಿಯುಸಿರು ತಾಗುತ್ತಿದೆ, ಸೊಂಟದ ಮೇಲಿನ ರೇವಂತ ಮತ್ತೆ ಬೆರಳು ಬಾಯಿಗಿಟ್ಟುಕೊಂಡಿದ್ದಾನೆ, ತೆಗಿ ಕಂದಾ ಎಂದು ಅರ್ಪಿತ ಅವನ ಕೈ ಎಳೆದಳು, ಎಳೆದ ಕೈ ಮತ್ತೆ ಬಾಯಿಗೆ — ಎಂಟು ಅಂದರೆ ಎಷ್ಟು, ಜ್ವರವಾದರೆ ಹಣೆ ಮುಟ್ಟಿದರೆ ತಿಳಿಯುತ್ತದೆ, ಇದು ಮುಟ್ಟಿದರೂ ತಿಳಿಯುವುದಿಲ್ಲ, ನಡೆಯುತ್ತಾನೆ, ನಗುತ್ತಾನೆ, ಹೋದ ವಾರ ಅಂಗನವಾಡಿಯಲ್ಲಿ ಬೆರಳು ಚುಚ್ಚಿ ತೆಗೆದ ಎರಡು ಹನಿ ರಕ್ತದಲ್ಲಿ ಸೀಸ ಇದೆಯಂತೆ, ಎಂಟು ಇದೆಯಂತೆ. ಆಸ್ಪತ್ರೆಯ ಸಿಸ್ಟರ್ ಶರಣಮ್ಮ ಮೆಲ್ಲಗೇ ಹೇಳಿದರು, ಐದು ದಾಟಿದ್ರೆ ಹುಡುಕ್ಬೇಕಮ್ಮ, ಇಷ್ಟಕ್ಕೆ ಔಷಧಿ ಕೊಡಲ್ಲ, ಎಲ್ಲಿಂದ ಬರ್ತಿದೆ ಅಂತ ನೋಡಿ ನಿಲ್ಲಿಸೋದೇ ಔಷಧಿ, ಬಿಟ್ರೆ ಮುಂದೆ ಓದು ತಲೆಗೆ ಹತ್ತೋದು ಕಷ್ಟ ಆಗ್ಬಹುದು. ಓದು — ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು ತಾನು, ಇವನಾದರೂ ಅಂದುಕೊಂಡಿದ್ದಳು. ಪಕ್ಕದಲ್ಲಿ ಬ್ಯಾಟರಿ ಅಂಗಡಿ ಇದ್ಯಾ, ಇಲ್ಲ ಮೇಡಂ, ಮನೇಲಿ ಪೇಂಟ್ ಉದುರ್ತಿದ್ಯಾ, ಇಲ್ಲ ಮೇಡಂ, ಗೋಡೆಗಳನ್ನಷ್ಟೇ ನೆನೆದು ಇಲ್ಲ ಅಂದಳಲ್ಲ, ಈಗ ಹೊಸಕೆರೆಹಳ್ಳಿಯ ಈ ಬೀದಿಯುದ್ದಕ್ಕೂ ಬಾಗಿಲು ಬಾಗಿಲಿಗೂ ಹೊಸಿಲು, ಹಳದಿ, ಹಳದಿ, ಕಾಲು ನಿಂತೇ ಹೋಯಿತು.

ದಿನಾ ಅರಿಶಿನ ಯಾರು ಬಳೀತಾರೆ, ಒಂದ್ಸಲ ಪೇಂಟ್ ಹೊಡುದ್ರೆ ವರ್ಷ ನಿಲ್ತದೆ ಅಂದದ್ದು ಅತ್ತೆ ಮುನಿವೆಂಕಟಮ್ಮ, ಹೊಡೆದದ್ದು ತಾನು, ವರಮಹಾಲಕ್ಷ್ಮಿ ಹಬ್ಬಕ್ಕೆ ಹಳೆಯ ಪದರ ಉಜ್ಜಿ ತೆಗೆದದ್ದೂ ತಾನೇ, ಅಂಬೆಗಾಲಿಟ್ಟು ಬಂದ ಇವನು ಆ ಪುಡಿಯನ್ನು ಮೂಗಿಗೆ ಬಳಿದುಕೊಂಡ, ಅರಿಶಿನದ ಗಣಪ ಅಂತ ಎಲ್ಲರೂ ನಕ್ಕರು, ತಾನೂ ನಕ್ಕಳು, ನಕ್ಕು ಫೋಟೋ ತೆಗೆದಳು.

ಮನೆ ಬಂತು. ಏನಂದ್ರು, ಸೀಸಾನಾ, ಅವರೇನೋ ಹೆದರಿಸ್ತಾರೆ, ನಿನ್ ಗಂಡ ಅರ್ಧ ಗೋಡೆ ತಿಂದು ಬೆಳೆದೋನು ಎಂದು ಅತ್ತೆ ಒಳಗಿನಿಂದ ನಗುತ್ತಿದ್ದಾರೆ, ಅರ್ಪಿತಳ ಕೈ ಚಾಕು ಹುಡುಕುತ್ತಿದೆ, ಕೆರೆದು ಬಿಸಾಡಬೇಕು, ಈಗಲೇ — ಕೆರೀಬೇಡಿ, ಶರಣಮ್ಮ ಹೇಳಿದ್ದರು, ಎಲ್ಲಾದ್ರೂ ಹಳೇ ಪೇಂಟ್ ಇದ್ರೆ ಒಣಗಿದ್ದನ್ನ ಕೆರೀಬೇಡಿ, ಪುಡಿ ಎದ್ದು ಮಗೂಗೇ ಹೋಗ್ತದೆ, ಒದ್ದೆ ಬಟ್ಟೇಲಿ ಒರೆಸಿ ಮುಚ್ಚಿಡಿ, ನಾವು ಬಂದು ನೋಡ್ತೀವಿ. ಬಟ್ಟೆ ನೆನೆಸಿ ತಂದು ಮಂಡಿಯೂರಿದಳು. ಹೊಸಿಲಿನ ಅಂಚಿನಲ್ಲಿ ಎರಡು ಸಣ್ಣ ಗುರುತು, ಪಕ್ಕಪಕ್ಕ, ಅಕ್ಕಿಕಾಳಿನಷ್ಟು, ಇಲಿ ಇರಬೇಕು, ಇಲಿಯಲ್ಲ, ರೇವಂತನ ಗಲ್ಲ ಹಿಡಿದು ಬಾಯಿ ತೆರೆಸಿದಳು, ಮುಂದಿನ ಎರಡು ಹಲ್ಲು, ಅಳೆದು ಕೊರೆದ ಹಾಗೆ, ಎರಡು ಗುರುತು, ಹಳದಿಯ ಕೆಳಗೆ ಇನ್ನೊಂದು ಹಳದಿ, ಅದರ ಕೆಳಗೆ ಮರ, ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿದೆ, ಮರ ಕಾಣುವಷ್ಟು ಆಳ, ಎರಡು ಗುರುತು, ಎರಡು